ಮಗನ ಕ್ಲಾಸಿನ ವಾಷಿಂಗ್ಟನ್ ಯಾರ ವಂಶ?

ಪ್ರಶ್ನೆ: ನಾವು ನಾಲ್ಕು ವರ್ಷದಿಂದ ಅಮೆರಿಕದ ವರ್ಜೀನಿಯಾದಲ್ಲಿದ್ದೇವೆ. ಮಗ ಐದನೇ ಕ್ಲಾಸು. ಅವನ ಜೊತೆ ಓದುವ ಇಬ್ಬರು ಮಕ್ಕಳ ಅಡ್ಡಹೆಸರು ವಾಷಿಂಗ್ಟನ್. ಇಬ್ಬರೂ ಆಫ್ರಿಕನ್ ಅಮೆರಿಕನ್ ಮಕ್ಕಳು, ಒಬ್ಬರಿಗೊಬ್ಬರು ನೆಂಟರಲ್ಲ. "ಅಮ್ಮಾ, ಇವರು ಜಾರ್ಜ್ ವಾಷಿಂಗ್ಟನ್ ವಂಶದವರಾ?" ಅಂತ ಮಗ ಕೇಳಿದ. ನನಗೆ ಹೇಳಲು ಗೊತ್ತಾಗಲಿಲ್ಲ. ಅಸಲಿಗೆ ವಾಷಿಂಗ್ಟನ್ ಅನ್ನೋದು ಊರಿನ ಹೆಸರೋ, ಮನೆತನದ ಹೆಸರೋ? ನಮ್ಮ ಉತ್ತರ ಕರ್ನಾಟಕದ ಕಡೆ ಊರ ಹೆಸರೇ ಅಡ್ಡಹೆಸರಾಗುತ್ತದಲ್ಲ, ಅದೇ ಥರ ಇರಬಹುದಾ?

ಉತ್ತರ: ಮಗನಿಗೆ ಇವತ್ತು ರಾತ್ರಿ ಊಟದ ಹೊತ್ತಿಗೆ ಹೇಳಬಹುದಾದಷ್ಟು ಮೊದಲು ಹೇಳುತ್ತೇನೆ. ದಾಖಲೆಗಳ ಪ್ರಕಾರ ಜಾರ್ಜ್ ವಾಷಿಂಗ್ಟನ್‌ಗೆ ಸ್ವಂತ ಮಕ್ಕಳಿರಲಿಲ್ಲ. ಹಾಗಾಗಿ ಅವನ ನೇರ ವಂಶದವರು ಅಂತ ಬಿಳಿಯರಲ್ಲೂ ಇಲ್ಲ, ಕಪ್ಪು ಜನರಲ್ಲೂ ಇಲ್ಲ. ಅಣ್ಣತಮ್ಮಂದಿರ ಕಡೆಯವರು ಇದ್ದಾರೆ. ಆದರೆ ಮಕ್ಕಳು ಅಲ್ಲಿಗೆ ಬಿಡುವುದಿಲ್ಲ ಅಲ್ವಾ, "ಹಾಗಿದ್ರೆ ಇವರಿಗೆ ಆ ಹೆಸರು ಎಲ್ಲಿಂದ ಬಂತು?" ಅಂತ ಕೇಳೇ ಕೇಳುತ್ತಾರೆ. ಅದನ್ನು ಹೇಳಬೇಕಾದರೆ ಎಂಟುನೂರು ವರ್ಷ ಹಿಂದಿನಿಂದ ಶುರು ಮಾಡಬೇಕು.

ನಿಮ್ಮ ಊಹೆ ಸರಿ. ವಾಷಿಂಗ್ಟನ್ ಮೊದಲು ಊರು. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಸಂಡರ್‌ಲ್ಯಾಂಡ್ ಪಟ್ಟಣದ ಪಕ್ಕದಲ್ಲಿ ಅದು ಈಗಲೂ ಇದೆ. ಹಿಂದೆ ಡರಮ್ ಸೀಮೆಗೆ ಸೇರಿತ್ತು. ಹೆಸರಿನ ಕೊನೆಯಲ್ಲಿರುವ 'ಟನ್' ಹಳೇ ಇಂಗ್ಲಿಷಿನ 'ಟೂನ್'. ಬೇಲಿ ಹಾಕಿದ ಹೊಲಮನೆ, ಆಮೇಲೆ ಹಳ್ಳಿ, ಅಂತ ಅರ್ಥ. ಮೊದಲ ಭಾಗ ಹ್ವಸ್ಸ ಅಂತ ಯಾರೋ ಒಬ್ಬನ ಹೆಸರು. ಒಟ್ಟಿನಲ್ಲಿ 'ಹ್ವಸ್ಸನವರ ಹಳ್ಳಿ'. ನಮ್ಮಲ್ಲಿ ಬೊಮ್ಮನಹಳ್ಳಿ, ಮಾರೇನಹಳ್ಳಿ ಇದ್ದ ಹಾಗೆ. ಬೊಮ್ಮ ಯಾರು, ಮಾರ ಯಾರು ಅಂತ ನಮಗೆ ಗೊತ್ತಿಲ್ಲ. ಹ್ವಸ್ಸ ಕೂಡ ಅಷ್ಟೇ. ಅವನ ಹೆಸರು ಅಮೆರಿಕದ ರಾಜಧಾನಿಯವರೆಗೆ ಹೋಗಿ ಕೂತಿದೆ. ದಕ್ಷಿಣದ ಸಸೆಕ್ಸ್‌ನಲ್ಲೂ ಒಂದು ವಾಷಿಂಗ್ಟನ್ ಇದೆ. ಅದಕ್ಕೂ ಈ ಮನೆತನಕ್ಕೂ ಸಂಬಂಧ ಇಲ್ಲ, ಸುಮ್ನೆ ಗೊಂದಲ ಮಾಡಿಕೊಳ್ಳಬೇಡಿ.

ಊರಿನ ಹೆಸರು ಮನೆತನಕ್ಕೆ ಅಂಟಿದ್ದು ಒಂದು ಜಮೀನು ಅದಲುಬದಲಿನಿಂದ. 12ನೇ ಶತಮಾನದಲ್ಲಿ ಡರಮ್‌ನ ಬಿಷಪ್ ಅಂದರೆ ಬರೀ ಧರ್ಮಗುರು ಅಲ್ಲ, ಆ ಸೀಮೆಗೆ ಹೆಚ್ಚುಕಡಿಮೆ ಅರಸ. ಹ್ಯೂ ಅನ್ನುವ ಬಿಷಪ್ಪನ ಕಾಲದಲ್ಲಿ, 1183ರಲ್ಲಿ, ಆ ಸೀಮೆಯ ಊರುಗಳನ್ನೆಲ್ಲ ಲೆಕ್ಕ ಹಾಕಿ ಒಂದು ಕಡತ ಬರೆಸಿದರು. ಬೋಲ್ಡನ್ ಬುಕ್ ಅಂತ ಅದರ ಹೆಸರು. ನಮ್ಮ ಶಾನುಭೋಗರ ಕಡತದ ಥರದ್ದೇ. ಯಾವ ಊರು ಯಾರ ಕೈಲಿದೆ, ಎಷ್ಟು ಕಂದಾಯ, ಏನೇನು ಸೇವೆ, ಎಲ್ಲ ಇದೆ. ಅದರಲ್ಲಿ ಒಂದು ನಮೂದು ಹೀಗಿದೆ: ಹಾರ್ಟ್‌ಬರ್ನ್ ಊರಿನ ವಿಲಿಯಂ, ತನ್ನ ಹಾರ್ಟ್‌ಬರ್ನನ್ನು ಕೊಟ್ಟು ಅದರ ಬದಲಿಗೆ ವಾಷಿಂಗ್ಟನ್ ಪಡೆದಿದ್ದಾನೆ. ಚರ್ಚು ಮತ್ತು ಚರ್ಚಿನ ಜಮೀನು ಬಿಟ್ಟು ಮಿಕ್ಕಿದ್ದು ಅವನದ್ದು. 4 ಪೌಂಡ್ ಕಟ್ಟಬೇಕು. ಬಿಷಪ್ಪನ ದೊಡ್ಡ ಬೇಟೆಗೆ ನಾಲ್ಕು ಬೇಟೆನಾಯಿ ಕರೆದುಕೊಂಡು ಹಾಜರಾಗಬೇಕು.

ಅಷ್ಟೇ. ನಾಲ್ಕು ಪೌಂಡು, ನಾಲ್ಕು ನಾಯಿ. ಊರು ಬದಲಾಯಿತು, ಹೆಸರೂ ಬದಲಾಯಿತು. ಅಲ್ಲಿಯವರೆಗೆ 'ಹಾರ್ಟ್‌ಬರ್ನಿನ ವಿಲಿಯಂ' ಆಗಿದ್ದವನು 'ವೆಸ್ಸಿಂಗ್ಟನ್ನಿನ ವಿಲಿಯಂ' ಆದ. ಈ ಅದಲುಬದಲು ಆಗದೇ ಹೋಗಿದ್ದರೆ ಅಮೆರಿಕದ ರಾಜಧಾನಿಯ ಹೆಸರು ಹಾರ್ಟ್‌ಬರ್ನ್ ಆಗಿರುತ್ತಿತ್ತೋ ಏನೋ. ಎದೆಯುರಿಗೂ ಆ ಊರಿಗೂ ಸಂಬಂಧ ಇಲ್ಲ ಬಿಡಿ. ಹಾರ್ಟ್ ಅಂದರೆ ಅಲ್ಲಿ ಗಂಡು ಜಿಂಕೆ, ಬರ್ನ್ ಅಂದರೆ ತೊರೆ.

ಇಲ್ಲಿ ಒಂದು ಮಾತು ನೆನಪಿಡಿ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅಪ್ಪನಿಂದ ಮಗನಿಗೆ ಇಳಿಯುವ ಅಡ್ಡಹೆಸರು ಎಲ್ಲರಿಗೂ ಇರಲಿಲ್ಲ. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಜಮೀನುದಾರರಲ್ಲಿ ಶುರುವಾದ ರೂಢಿ ಅದು. ಜಮೀನು ಮಗನಿಗೆ ಹೋಗಬೇಕು, ಅದರ ಜೊತೆ ಹೆಸರೂ ಹೋದರೆ ಹಕ್ಕು ಹೇಳಲು ಅನುಕೂಲ. ಸಾಮಾನ್ಯ ಜನಕ್ಕೆ ಇಳಿದು ಬರುವಷ್ಟರಲ್ಲಿ 14ನೇ ಶತಮಾನ ಆಗಿತ್ತು. ಕಮ್ಮಾರ ಸ್ಮಿತ್ ಆದ, ಜಾನ್ ಮಗ ಜಾನ್ಸನ್ ಆದ, ಊರು ಬಿಟ್ಟು ಬಂದವನು ಆ ಊರಿನ ಹೆಸರಿನವನಾದ. ಕಾಗುಣಿತಕ್ಕಂತೂ ನಿಯಮವೇ ಇಲ್ಲ. ವೆಸ್ಸಿಂಗ್ಟನ್, ವಾಸಿಂಗ್ಟನ್, ವೆಶಿಂಗ್ಟನ್, ಬರೆಯುವವನ ಕಿವಿಗೆ ಹೇಗೆ ಬಿತ್ತೋ ಹಾಗೆ. 1416ರಿಂದ 1446ರವರೆಗೆ ಡರಮ್ ಮಠದ ಮುಖ್ಯಸ್ಥನಾಗಿದ್ದವನು ಜಾನ್ ವೆಸ್ಸಿಂಗ್ಟನ್. ಅವನೂ ಇದೇ ಹೆಸರಿನವನು.

ಮನೆತನ ಒಂದೇ ಕಡೆ ಕೂರಲಿಲ್ಲ. ಒಂದು ಕವಲು ದೇಶದ ಅಡ್ಡಕ್ಕೆ ಪಶ್ಚಿಮಕ್ಕೆ ಹೋಗಿ ಲ್ಯಾಂಕಾಶೈರಿನ ವಾರ್ಟನ್ ಎಂಬ ಹಳ್ಳಿಯಲ್ಲಿ ನೆಲೆಸಿತು. ಅಲ್ಲಿನ ಚರ್ಚಿನ ಗೋಪುರದ ಕಲ್ಲಿನಲ್ಲಿ ಈ ಮನೆತನದ ಲಾಂಛನ ಇದೆ. ಪ್ರತಿ ಜುಲೈ 4ಕ್ಕೆ ಆ ಇಂಗ್ಲಿಷ್ ಹಳ್ಳಿಯ ಚರ್ಚಿನ ಮೇಲೆ ಅಮೆರಿಕದ ಬಾವುಟ ಹಾರಿಸುತ್ತಾರೆ. ಇಂಗ್ಲೆಂಡಿನಿಂದ ಬಿಡುಗಡೆ ಪಡೆದ ದಿನವನ್ನು ಇಂಗ್ಲೆಂಡಿನವರೇ ಆಚರಿಸುವುದು ಅಂದರೆ ಹೀಗೆ.

ವಾರ್ಟನ್ನಿನಿಂದ ಲಾರೆನ್ಸ್ ವಾಷಿಂಗ್ಟನ್ ಎಂಬಾತ ನಾರ್ಥಾಂಪ್ಟನ್‌ಗೆ ಬಂದ. ಉಣ್ಣೆ ವ್ಯಾಪಾರ ಹಿಡಿದ. ಆಗ ಇಂಗ್ಲೆಂಡಿನಲ್ಲಿ ದುಡ್ಡು ಅಂದರೆ ಉಣ್ಣೆ. 1532ರಲ್ಲಿ ಒಮ್ಮೆ, 1545ರಲ್ಲಿ ಇನ್ನೊಮ್ಮೆ ಊರಿನ ಮೇಯರ್ ಆದ. ನಡುವೆ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿ ಅವುಗಳ ಆಸ್ತಿ ಮಾರಲು ಕೂತಾಗ, 1539ರಲ್ಲಿ, ಲಾರೆನ್ಸ್ ಸುಮಾರು 324 ಪೌಂಡ್ ಕೊಟ್ಟು ಸಲ್‌ಗ್ರೇವ್ ಎಂಬಲ್ಲಿ ಜಮೀನು ಕೊಂಡು ಮನೆ ಕಟ್ಟಿಸಿದ. ಆ ಮನೆ ಇವತ್ತೂ ನಿಂತಿದೆ, ಟಿಕೆಟ್ ತಗೊಂಡು ಒಳಗೆ ಹೋಗಬಹುದು. ಬಾಗಿಲ ಮೇಲೆ ಮನೆತನದ ಲಾಂಛನ: ಅಡ್ಡಕ್ಕೆ ಎರಡು ಪಟ್ಟಿ, ಅವುಗಳ ಮೇಲೆ ಸಾಲಾಗಿ ಮೂರು ನಕ್ಷತ್ರ. ಎಲ್ಲೋ ನೋಡಿದ ಹಾಗಿದೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ನಿಮ್ಮ ಪಕ್ಕದ ವಾಷಿಂಗ್ಟನ್ ಡಿಸಿ ನಗರ 1938ರಲ್ಲಿ ಬಾವುಟ ಮಾಡಿಕೊಂಡದ್ದು ಇದನ್ನೇ. ಬಿಳಿ ಬಟ್ಟೆ, ಕೆಂಪು ಪಟ್ಟಿ, ಕೆಂಪು ನಕ್ಷತ್ರ. ಅಮೆರಿಕದ ರಾಷ್ಟ್ರಧ್ವಜದ ಪಟ್ಟಿ ಮತ್ತು ನಕ್ಷತ್ರ ಕೂಡ ಇಲ್ಲಿಂದಲೇ ಬಂದವು ಅಂತ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆಧಾರ ಇಲ್ಲ.

ಲಾರೆನ್ಸನ ಮೊಮ್ಮಕ್ಕಳ ಕಾಲಕ್ಕೆ ಸಲ್‌ಗ್ರೇವ್ ಕೈಬಿಟ್ಟಿತು. ಆಸ್ತಿ ಕರಗಿತು. ಹಾಗೆ ಕರಗಿದ ಮನೆಯಲ್ಲಿ ಹುಟ್ಟಿದ ಇನ್ನೊಬ್ಬ ಲಾರೆನ್ಸ್ ಆಕ್ಸ್‌ಫರ್ಡಿನಲ್ಲಿ ಓದಿ ಪಾದ್ರಿಯಾದ, ಎಸೆಕ್ಸ್‌ನ ಪರ್ಲೀ ಎಂಬ ಊರಿನ ಚರ್ಚು ಸಿಕ್ಕಿತು. ಈ ಮನೆಯವರು ಹೆಸರಿಡುವುದರಲ್ಲಿ ಬಹಳ ಜಿಪುಣರು. ಲಾರೆನ್ಸ್, ಜಾನ್, ರಾಬರ್ಟ್, ಮತ್ತೆ ಲಾರೆನ್ಸ್. ವಂಶಾವಳಿ ಬರೆಯುವವರಿಗೆ ಇದರಿಂದ ಆದ ತಲೆನೋವು ಏನು ಅಂತ ಮುಂದೆ ಹೇಳುತ್ತೇನೆ.

1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. ಪಾದ್ರಿ ಲಾರೆನ್ಸ್ ರಾಜನ ಕಡೆ. ಎಸೆಕ್ಸ್ ಪಾರ್ಲಿಮೆಂಟಿನ ಕಡೆ. ಮರುವರ್ಷವೇ ಅವನನ್ನು ಚರ್ಚಿನಿಂದ ತೆಗೆದು ಹಾಕಿದರು. ಆರೋಪ ಏನು ಗೊತ್ತಾ? ದಿನಾ ಹೆಂಡದಂಗಡಿಯಲ್ಲಿ ಕೂತಿರುತ್ತಾನೆ, ತಾನು ಕುಡಿಯುವುದಲ್ಲದೆ ಬೇರೆಯವರನ್ನೂ ಕುಡಿಯಲು ಹುರಿದುಂಬಿಸುತ್ತಾನೆ. ನಿಜವೋ ಸುಳ್ಳೋ, ವಿರೋಧಿಗಳು ಬರೆದ ಮಾತು ಅಂತ ನೆನಪಿಟ್ಟುಕೊಂಡು ಓದಬೇಕು. ಆಮೇಲೆ ಲಿಟಲ್ ಬ್ರ್ಯಾಕ್‌ಸ್ಟೆಡ್ ಅನ್ನುವ, ಆದಾಯವೇ ಇಲ್ಲದ ಚರ್ಚೊಂದರಲ್ಲಿ ದಿನ ದೂಡಿ ತೀರಿಕೊಂಡ. ದೊಡ್ಡ ಮಗ ಜಾನ್‌ಗೆ ಆಗ ಇಪ್ಪತ್ತರ ಆಸುಪಾಸು. ಕೈಯಲ್ಲಿ ಆಸ್ತಿ ಇಲ್ಲ, ಆಳುವವರ ಕಣ್ಣಿಗೆ ಬೇಡವಾದ ಮನೆ. ಇಂಥ ಹುಡುಗರು ಆಗ ಹತ್ತುತ್ತಿದ್ದದ್ದು ವರ್ಜೀನಿಯಾದ ಹಡಗು.

ಜಾನ್ ವಲಸೆ ಹೋಗಲೆಂದು ಹೊರಟವನಲ್ಲ. 'ಸೀ ಹಾರ್ಸ್' ಎಂಬ ಹಡಗಿನಲ್ಲಿ ಕಪ್ತಾನನ ಕೈಕೆಳಗಿನ ಅಧಿಕಾರಿಯಾಗಿ, ಹೊಗೆಸೊಪ್ಪಿನ ವ್ಯಾಪಾರಕ್ಕೆ ಬಂದ. ಸರಕು ತುಂಬಿಕೊಂಡು ವಾಪಸು ಹೊರಡುವಾಗ, 1657ರ ಮೊದಲ ತಿಂಗಳುಗಳಲ್ಲಿ, ಹಡಗು ಪೊಟೊಮ್ಯಾಕ್ ನದಿಯಲ್ಲಿ ನೆಲಕ್ಕೆ ತಾಗಿ ಮುಳುಗಿತು. ಮೇಲೆತ್ತುವ ಕೆಲಸದಲ್ಲಿ ತಿಂಗಳು ಕಳೆಯಿತು. ಅಷ್ಟರಲ್ಲಿ ಜಾನ್‌ಗೆ ಅಲ್ಲಿನ ಜಮೀನುದಾರ ನಥಾನಿಯಲ್ ಪೋಪನ ಮಗಳು ಆ್ಯನ್‌ಳ ಪರಿಚಯವಾಗಿತ್ತು. ಹಡಗು ಹೋಯಿತು, ಇವನು ಉಳಿದ. ಮದುವೆಗೆ ಮಾವ ಕೊಟ್ಟದ್ದು 700 ಎಕರೆ. ಮನೆಯಳಿಯ ಅನ್ನಬಹುದು.

ಇದೆಲ್ಲ ತೀರಾ ದೊಡ್ಡವರ ಚರಿತ್ರೆಯ ಥರ ಕೇಳಿಸುತ್ತಿದೆಯಾ? ಹಾಗಿದ್ದರೆ ಈ ಜಾನ್ 1659ರ ಸೆಪ್ಟೆಂಬರ್ ಕೊನೆಯಲ್ಲಿ ಬರೆದ ಒಂದು ಪತ್ರ ನೋಡಿ, ನನಗೆ ಬಹಳ ಇಷ್ಟವಾದದ್ದು. ಎಡ್ವರ್ಡ್ ಪ್ರೆಸ್ಕಾಟ್ ಅಂತ ಒಬ್ಬ ಹಡಗಿನ ಸಾಹುಕಾರ. ಅವನ ಹಡಗಿನಲ್ಲಿ ಬರುತ್ತಿದ್ದ ಎಲಿಜಬೆತ್ ರಿಚರ್ಡ್‌ಸನ್ ಎಂಬ ಹೆಂಗಸನ್ನು ಮಾಟಗಾತಿ ಅಂತ ನಡುಸಮುದ್ರದಲ್ಲಿ ನೇಣು ಹಾಕಿದ್ದರು. ಜಾನ್ ಅದರ ಮೇಲೆ ದೂರು ಕೊಟ್ಟ. ಪಕ್ಕದ ಮೇರಿಲ್ಯಾಂಡಿನಲ್ಲಿ ವಿಚಾರಣೆಗೆ ದಿನ ಗೊತ್ತಾಯಿತು, ಬಂದು ಸಾಕ್ಷಿ ಹೇಳು ಅಂದರು. ಜಾನ್ ಬರೆದ: ಕ್ಷಮಿಸಿ, ಅಷ್ಟರೊಳಗೆ ಬರಲಾಗುವುದಿಲ್ಲ, ದೇವರ ದಯೆಯಿಂದ ಅದೇ ದಿನ ಮಗನ ಬ್ಯಾಪ್ಟಿಸಂ ಇಟ್ಟುಕೊಂಡಿದ್ದೇನೆ, ನೆಂಟರಿಷ್ಟರನ್ನೆಲ್ಲ ಕರೆದಾಗಿದೆ. ಸಾಕ್ಷಿ ಬರಲಿಲ್ಲ, ಪ್ರೆಸ್ಕಾಟ್ ಬಿಡುಗಡೆಯಾದ. ಸತ್ತ ಹೆಂಗಸಿನ ಪಾಲಿಗೆ ಅದು ನ್ಯಾಯ ಅಲ್ಲ, ಒಪ್ಪಿಕೊಳ್ಳೋಣ. ಆದರೆ ಎಲ್ಲರನ್ನೂ ಕರೆದು ಸಮಾರಂಭ ಮುಂದೂಡಲಾಗದೆ ಒದ್ದಾಡುವ ಮನುಷ್ಯನೊಬ್ಬ ಆ ಪತ್ರದಲ್ಲಿ ಕಾಣುತ್ತಾನೆ. ಆ ದಿನ ಬ್ಯಾಪ್ಟಿಸಂ ಆದ ಕೂಸು ಲಾರೆನ್ಸ್ (ಮತ್ತೆ ಲಾರೆನ್ಸ್!), ಜಾರ್ಜ್ ವಾಷಿಂಗ್ಟನ್‌ನ ಅಜ್ಜ.

ಆ ಅಜ್ಜ 1698ರಲ್ಲಿ ಚಿಕ್ಕ ವಯಸ್ಸಿನಲ್ಲೇ ಸತ್ತ. ಹೆಂಡತಿ ಮಿಲ್ಡ್ರೆಡ್, ಜಾರ್ಜ್ ಗೇಲ್ ಎಂಬ ವ್ಯಾಪಾರಿಯನ್ನು ಮದುವೆಯಾಗಿ, ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿನ ವೈಟ್‌ಹೇವನ್ ಬಂದರಿಗೆ ಹೋದಳು. ಹೋದ ಸ್ವಲ್ಪ ದಿನಕ್ಕೇ, 1701ರಲ್ಲಿ, ತೀರಿಕೊಂಡಳು. ಮಗ ಅಗಸ್ಟೀನ್ ಇನ್ನೂ ಆರೇಳು ವರ್ಷದವನು. ಆ್ಯಪಲ್‌ಬೀ ಊರಿನ ಶಾಲೆಗೆ ಹಾಕಿದರು. ಮಕ್ಕಳು ಅಲ್ಲೇ ಉಳಿದಿದ್ದರೆ ಈ ಕವಲು ಮತ್ತೆ ಇಂಗ್ಲಿಷ್ ಮನೆಯಾಗಿಬಿಡುತ್ತಿತ್ತು. ಆದರೆ ವರ್ಜೀನಿಯಾದ ದಾಯಾದಿ ಒಬ್ಬ ಮಕ್ಕಳು ನಮ್ಮವರು ಅಂತ ಕೋರ್ಟಿಗೆ ಹೋಗಿ, ಕೆಲವು ವರ್ಷದಲ್ಲಿ ವಾಪಸು ಕರೆಸಿಕೊಂಡ. ಅಗಸ್ಟೀನ್ ದೊಡ್ಡವನಾಗಿ, 1732ರಲ್ಲಿ ಪೋಪ್ಸ್ ಕ್ರೀಕ್ ಎಂಬಲ್ಲಿ ಅವನ ಎರಡನೇ ಹೆಂಡತಿಗೆ ಹುಟ್ಟಿದ ಮೊದಲ ಮಗ ಜಾರ್ಜ್.

ಈ ಜಾರ್ಜ್‌ಗೆ ತನ್ನ ಮನೆತನದ ವಿಷಯ ಎಷ್ಟು ಗೊತ್ತಿತ್ತು? ಏನೂ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮಲ್ಲಿ ಹೆಳವರು ಎತ್ತಿನ ಜೊತೆ ಮನೆಮುಂದೆ ಬಂದು ಏಳು ತಲೆಮಾರು ಹಾಡಿ ಹೋಗುತ್ತಾರಲ್ಲ, ಇಂಗ್ಲೆಂಡಿನಲ್ಲಿ ಆ ಕೆಲಸಕ್ಕೆ ಸರ್ಕಾರಿ ಹುದ್ದೆಯೇ ಇದೆ, ಲಾಂಛನ ಇಲಾಖೆ ಅನ್ನಿ. ಅದರ ಮುಖ್ಯಸ್ಥ ಸರ್ ಐಸಾಕ್ ಹರ್ಡ್, ಅಧ್ಯಕ್ಷನಾಗಿದ್ದ ಜಾರ್ಜ್‌ಗೆ ತಾನಾಗಿಯೇ ಪತ್ರ ಬರೆದು ನಿಮ್ಮ ಹಿರಿಯರು ಯಾರು ಅಂತ ವಿಚಾರಿಸಿದ. 1792ರ ಮೇ ತಿಂಗಳಲ್ಲಿ ಜಾರ್ಜ್ ಉತ್ತರ ಬರೆದ: ಈ ವಿಷಯಕ್ಕೆ ನಾನು ಅಷ್ಟೇನೂ ಗಮನ ಕೊಟ್ಟಿಲ್ಲ, 1657ರ ಸುಮಾರಿಗೆ ಜಾನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಸೋದರರು ಉತ್ತರ ಇಂಗ್ಲೆಂಡಿನಿಂದ ಬಂದರಂತೆ, ಅವರ ಹಿಂದಿನವರು ಯಾರು ಅನ್ನಲು ನನ್ನ ಹತ್ತಿರ ಕಾಗದಪತ್ರ ಇಲ್ಲ. ಎಸೆಕ್ಸ್ ಉತ್ತರದಲ್ಲಿಲ್ಲ, ಲಂಡನ್ನಿನ ಪಕ್ಕದಲ್ಲಿದೆ. ಬಹುಶಃ ವಾರ್ಟನ್ನಿನ ನೆನಪು ಮನೆಯಲ್ಲಿ ಹೇಗೋ ಉಳಿದಿತ್ತು.

ಹರ್ಡ್ ತನ್ನ ಪುಸ್ತಕಗಳಲ್ಲಿ ಹುಡುಕಿ ಜಾನ್ ಮತ್ತು ಲಾರೆನ್ಸ್ ಎಂಬ ಅಣ್ಣತಮ್ಮಂದಿರನ್ನು ಹಿಡಿದೇಬಿಟ್ಟ. ಸಲ್‌ಗ್ರೇವ್ ಮನೆಯವರೇ. ಎಲ್ಲರೂ ಒಪ್ಪಿದರು. ಎಪ್ಪತ್ತಕ್ಕೂ ಜಾಸ್ತಿ ವರ್ಷ ಪುಸ್ತಕಗಳಲ್ಲಿ ಅದೇ ಅಚ್ಚಾಯಿತು. 1866ರಲ್ಲಿ ಜೋಸೆಫ್ ಚೆಸ್ಟರ್ ಎಂಬ ಸಂಶೋಧಕ ಅದು ತಪ್ಪು ಅಂತ ತೋರಿಸಿದ. ಹರ್ಡ್ ಹಿಡಿದಿದ್ದ ಜಾನ್ 'ಸರ್' ಪದವಿಯವನು, ಅವನು ವರ್ಜೀನಿಯಾ ಕಂಡವನಲ್ಲ. ಹಿಡಿದಿದ್ದ ಲಾರೆನ್ಸ್ ಬೇರೆ ಯಾರೂ ಅಲ್ಲ, ನಮ್ಮ ಪಾದ್ರಿಯೇ, ಅವನು ಇಂಗ್ಲೆಂಡಿನಲ್ಲೇ ಮಣ್ಣಾದವನು. ಸರಿಯಾದ ಜಾನ್ ಮತ್ತು ಲಾರೆನ್ಸ್ ಒಂದು ತಲೆಮಾರು ಕೆಳಗಿದ್ದರು, ಆ ಪಾದ್ರಿಯ ಮಕ್ಕಳು. ಅದನ್ನು ಉಯಿಲು ಮತ್ತು ಆಸ್ತಿ ಕಾಗದಗಳಿಂದ ಜೋಡಿಸಿ ತೋರಿಸಲು 1889ರವರೆಗೆ ಕಾಯಬೇಕಾಯಿತು, ಹೆನ್ರಿ ವಾಟರ್ಸ್ ಎಂಬ ಅಮೆರಿಕನ್ನನ ಕೆಲಸ. ಹೆಸರಿನಲ್ಲಿ ಜಿಪುಣತನ ಮಾಡಿದ್ದರ ಫಲ ಇದು. ವಂಶ ಹುಡುಕುವವರಿಗೆ ನಾನು ಯಾವಾಗಲೂ ಹೇಳುವುದು ಒಂದೇ: ಹೆಸರು ಕೂಡಿಬಂತು ಅಂತ ಕುಣಿಯಬೇಡಿ, ಆ ಮನುಷ್ಯ ಎಲ್ಲಿ ಸತ್ತ ನೋಡಿ.

ಈಗ ನಿಮ್ಮ ಮಗನ ಗೆಳೆಯರ ವಿಷಯಕ್ಕೆ ಬರೋಣ.

2000ನೇ ಇಸವಿಯ ಅಮೆರಿಕದ ಜನಗಣತಿಯಲ್ಲಿ ವಾಷಿಂಗ್ಟನ್ ಅಡ್ಡಹೆಸರಿನವರು 1,63,036 ಮಂದಿ. ಅವರಲ್ಲಿ ನೂರಕ್ಕೆ ತೊಂಬತ್ತು ಜನ ಕಪ್ಪು ಜನಾಂಗದವರು. ಸಾಮಾನ್ಯವಾಗಿ ಕಾಣಸಿಗುವ ಅಡ್ಡಹೆಸರುಗಳಲ್ಲಿ ಇಷ್ಟು ಪಾಲು ಬೇರೆ ಯಾವುದಕ್ಕೂ ಇಲ್ಲ. ಜೆಫರ್ಸನ್ ಎರಡನೆಯದು, ಸುಮಾರು ಮುಕ್ಕಾಲು ಪಾಲು. ಗುಲಾಮಗಿರಿಯಿಂದ ಬಿಡುಗಡೆ ಕೊಟ್ಟವನು ಲಿಂಕನ್, ಹಾಗಾಗಿ ಲಿಂಕನ್ ಅಂತ ಇಟ್ಟುಕೊಂಡವರೇ ಜಾಸ್ತಿ ಇರಬೇಕು ಅಂತ ನಮಗೆ ಅನ್ನಿಸುತ್ತದೆ ಅಲ್ವಾ? ಆ ಹೆಸರಿನವರಲ್ಲಿ ಕಪ್ಪು ಜನ ನೂರಕ್ಕೆ ಹದಿನಾಲ್ಕು ಮಾತ್ರ.

ಹಾಗಾದರೆ ಇವರೆಲ್ಲ ಜಾರ್ಜ್‌ನ ಗುಲಾಮರಾಗಿದ್ದವರ ಮೊಮ್ಮಕ್ಕಳಾ? ಅದೂ ಅಲ್ಲ. 1799ರಲ್ಲಿ ಅವನ ಮೌಂಟ್ ವರ್ನನ್ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಅದರಲ್ಲಿ ಅವನ ಸ್ವಂತಕ್ಕೆ ಸೇರಿದವರು 123 ಮಂದಿ, ಬಿಡುಗಡೆ ಮಾಡಬೇಕು ಅಂತ ಉಯಿಲು ಬರೆದದ್ದು ಅವರಿಗೆ ಮಾತ್ರ. ಮಿಕ್ಕವರಲ್ಲಿ ಹೆಚ್ಚಿನವರು ಹೆಂಡತಿ ಮಾರ್ಥಾಳ ಮೊದಲ ಗಂಡನ ಮನೆಯ ಆಸ್ತಿ, ಜಾರ್ಜ್ ಅವರನ್ನು ಬಿಡುವ ಹಾಗಿರಲಿಲ್ಲ. ಬಿಡುಗಡೆಯಾದವರಲ್ಲಿ ವಾಷಿಂಗ್ಟನ್ ಅಂತ ಇಟ್ಟುಕೊಂಡವರು ಬೆರಳೆಣಿಕೆ. ಅಲ್ಲಿದ್ದವರ ಹೆಸರು ನೋಡಿ. ಯುದ್ಧದುದ್ದಕ್ಕೂ ಜಾರ್ಜ್‌ನ ಕುದುರೆ ಪಕ್ಕ ಕುದುರೆ ಓಡಿಸಿದ ವಿಲಿಯಂ ಲೀ. ಅಡುಗೆಯ ಹರ್ಕ್ಯುಲಿಸ್ ಪೋಸಿ. ಫಿಲಡೆಲ್ಫಿಯಾದ ಅಧ್ಯಕ್ಷರ ಮನೆಯಿಂದ 1796ರಲ್ಲಿ ತಪ್ಪಿಸಿಕೊಂಡು ಹೋದ ಓನಾ ಜಡ್ಜ್. ಲೀ ಮತ್ತು ಪೋಸಿ ಹಳೇ ಒಡೆಯರ ಹೆಸರು, ಜಡ್ಜ್ ಅವಳ ಅಪ್ಪನ ಹೆಸರು. ಗುಲಾಮರಿಗೆ ಅಡ್ಡಹೆಸರೇ ಇರಲಿಲ್ಲ, ಬಿಡುಗಡೆ ದಿನ ಒಡೆಯನ ಹೆಸರು ಹಚ್ಚಿಕೊಂಡರು ಅನ್ನುವುದು ಅರ್ಧ ಸತ್ಯ. ಒಡೆಯನ ಪುಸ್ತಕದಲ್ಲಿ ಬರೀ 'ಹ್ಯಾರಿ', 'ಬೆಟ್ಟಿ' ಅಂತ ಇರುತ್ತಿತ್ತು. ತಮ್ಮ ತಮ್ಮಲ್ಲಿ ಬೇರೆ ಹೆಸರು ಇಟ್ಟುಕೊಂಡೇ ಇದ್ದವರು ಬಹಳ.

ಹ್ಯಾರಿ ಅಂದೆ. ಅವನ ಕಥೆ ನಿಮ್ಮ ಮಗನಿಗೆ ಹೇಳಲೇಬೇಕು. ಆಫ್ರಿಕಾದ ಗ್ಯಾಂಬಿಯಾ ನದಿಯ ಕಡೆ ಹುಟ್ಟಿದವನು. 1763ರಲ್ಲಿ ಜಾರ್ಜ್ ಅವನನ್ನು ಕೊಂಡು ಜೌಗು ನೆಲ ಬಸಿಯುವ ಕೆಲಸಕ್ಕೆ ಹಾಕಿದ. 1771ರಲ್ಲಿ ಓಡಿಹೋದ, ಸಿಕ್ಕಿಬಿದ್ದ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ಮೇಲೆ ಇನ್ನೊಮ್ಮೆ ಓಡಿದ, ಈ ಸಲ ಸಿಗಲಿಲ್ಲ. ಬ್ರಿಟಿಷರ ಸೈನ್ಯ ಸೇರಿದ. ಒಡೆಯ ಒಂದು ಕಡೆಯ ಸೇನಾಪತಿ, ಆಳು ಇನ್ನೊಂದು ಕಡೆಯ ಸಿಪಾಯಿ. 1783ರಲ್ಲಿ ಸೋತ ಬ್ರಿಟಿಷರು ನ್ಯೂಯಾರ್ಕ್ ಬಿಡುವಾಗ ತಮ್ಮ ಜೊತೆ ಹಡಗು ಹತ್ತಿದ ಸುಮಾರು 3,000 ಕಪ್ಪು ಜನರ ಪಟ್ಟಿ ಬರೆದರು. ಅದರಲ್ಲಿದೆ: ಹ್ಯಾರಿ ವಾಷಿಂಗ್ಟನ್, 43, ಗಟ್ಟಿಮುಟ್ಟಾದ ಆಳು, ಜನರಲ್ ವಾಷಿಂಗ್ಟನ್‌ನ ಆಸ್ತಿಯಾಗಿದ್ದವನು, 7 ವರ್ಷದ ಹಿಂದೆ ಬಿಟ್ಟು ಬಂದ. ಹಡಗು ಇಳಿಸಿದ್ದು ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಚಳಿ, ಕಲ್ಲು ನೆಲ, ಕೊಟ್ಟ ಮಾತಿನಷ್ಟು ಜಮೀನಿಲ್ಲ. 1792ರಲ್ಲಿ ಸುಮಾರು 1,200 ಮಂದಿ ಆಫ್ರಿಕಾದ ಸಿಯೆರಾ ಲಿಯೋನಿಗೆ ಹೊರಟರು, ಹ್ಯಾರಿಯೂ ಹೋದ. ಅಲ್ಲಿ ಆಡಳಿತ ನಡೆಸುತ್ತಿದ್ದ ಬ್ರಿಟಿಷ್ ಕಂಪನಿಯವರು ಜಮೀನಿಗೆ ಕಂದಾಯ ಕೇಳಿದಾಗ ದಂಗೆ ಎದ್ದವರಲ್ಲಿ ಅವನೂ ಒಬ್ಬ. 1800ರಲ್ಲಿ ಗಡಿಪಾರು ಮಾಡಿದರು.

ಡರಮ್‌ನ ಬಿಷಪ್ಪನಿಗೆ ನಾಯಿ ಕಟ್ಟಿಕೊಂಡು ಹೋಗುತ್ತಿದ್ದ ವಿಲಿಯಂ ಹೆಸರು ಆಫ್ರಿಕಾದ ದಂಡೆ ಮುಟ್ಟಿದ್ದು ಹೀಗೆ, ಅದೂ ಅಲ್ಲೇ ಹುಟ್ಟಿದ ಮನುಷ್ಯನ ಜೊತೆ.

ದೊಡ್ಡ ಸಂಖ್ಯೆಯಲ್ಲಿ ವಾಷಿಂಗ್ಟನ್‌ಗಳು ಕಾಗದದ ಮೇಲೆ ಬಂದದ್ದು 1865ರ ಬಿಡುಗಡೆಯ ನಂತರ. ಆಗ ಶಾಲೆ, ಬ್ಯಾಂಕು, ಮತಪಟ್ಟಿ, ಸಂಬಳದ ಚೀಟಿ, ಎಲ್ಲ ಕಡೆ ಎರಡು ಹೆಸರು ಬೇಕು. ಬೂಕರ್ ಟಿ. ವಾಷಿಂಗ್ಟನ್ ಹೆಸರು ಕೇಳಿರುತ್ತೀರಿ, ಅಲಬಾಮಾದ ಟಸ್ಕೀಗಿ ವಿದ್ಯಾಸಂಸ್ಥೆ ಬೆಳೆಸಿದವರು. ಅವರು ಗುಲಾಮರಾಗಿ ಹುಟ್ಟಿದ್ದು ನಿಮ್ಮ ವರ್ಜೀನಿಯಾದಲ್ಲೇ. ಮೊದಲ ಬಾರಿ ಶಾಲೆಗೆ ಹೋದಾಗ ಹಾಜರಿ ಕೂಗುತ್ತಿದ್ದಾರೆ. ಎಲ್ಲ ಮಕ್ಕಳಿಗೂ ಎರಡೆರಡು ಹೆಸರು, ಕೆಲವರಿಗೆ ಮೂರು. ಇವನಿಗೆ ಬರೀ ಬೂಕರ್. ತನ್ನ ಸರದಿ ಬರುವಷ್ಟರಲ್ಲಿ ಹುಡುಗ ಯೋಚನೆ ಮಾಡಿ ಮುಗಿಸಿದ್ದ. ಮೇಷ್ಟರು ಕೇಳಿದಾಗ, ಹುಟ್ಟಿದಾಗಿನಿಂದ ಅದೇ ಹೆಸರು ಅನ್ನುವ ಹಾಗೆ, "ಬೂಕರ್ ವಾಷಿಂಗ್ಟನ್" ಅಂದ. ಇದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇನ್ನೊಂದು ಸ್ವಾರಸ್ಯ: ಅವರ ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗುಸನ್. ವಾಷಿಂಗ್ಟನ್ ಅಲ್ಲಿ ಅಡ್ಡಹೆಸರಲ್ಲ, ಕರೆಯುವ ಹೆಸರು. ಅಪ್ಪನ ಹೆಸರನ್ನು ಮುಂದಕ್ಕೆ ಹಚ್ಚಿಕೊಳ್ಳುವುದು ನಮಗೇನು ಹೊಸದೇ? ಗಂಡುಮಕ್ಕಳಿಗೆ 'ಜಾರ್ಜ್ ವಾಷಿಂಗ್ಟನ್' ಅಂತ ಜೋಡಿ ಹೆಸರಿಡುವುದು ಆಗ ಅಮೆರಿಕದಲ್ಲೆಲ್ಲ ರೂಢಿ. ಅಂಥ ಎಷ್ಟೋ ಕರೆಯುವ ಹೆಸರುಗಳು ಮುಂದಿನ ತಲೆಮಾರಿನಲ್ಲಿ ಅಡ್ಡಹೆಸರಾಗಿ ಕೂತವು. ಇನ್ನು ಕೆಲವರು ಜಾರ್ಜ್‌ನ ಅಣ್ಣತಮ್ಮಂದಿರ ಮಕ್ಕಳ ತೋಟಗಳಲ್ಲಿ ದುಡಿದವರು. ಮತ್ತೆ ಕೆಲವರು ದೇಶದಲ್ಲೇ ದೊಡ್ಡ ಹೆಸರು ನಮ್ಮದಾಗಲಿ ಅಂತ ಆರಿಸಿಕೊಂಡರು. ನಿಮ್ಮ ಮಗನ ಇಬ್ಬರು ಗೆಳೆಯರಿಗೆ ಒಂದೇ ಹೆಸರು ಎರಡು ಬೇರೆ ದಾರಿಯಲ್ಲಿ ಬಂದಿರುವುದೇ ಹೆಚ್ಚು ಸಾಧ್ಯ.

ಆ ಮನೆಯವರಿಗೆ ಹುಡುಕುವ ಮನಸ್ಸಿದ್ದರೆ 1870ರ ಜನಗಣತಿಯವರೆಗೆ ಹೋಗುವುದು ಕಷ್ಟ ಅಲ್ಲ. ಗುಲಾಮರಾಗಿದ್ದವರನ್ನೆಲ್ಲ ಹೆಸರು ಹಿಡಿದು ಬರೆದ ಮೊದಲ ಗಣತಿ ಅದು. ಅದರ ಹಿಂದೆ ಗೋಡೆ ಇದೆ. 1850 ಮತ್ತು 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಅಷ್ಟೇ. ಹೆಸರಿಲ್ಲ. ಅಲ್ಲಿಂದ ಮುಂದೆ ಒಡೆಯರ ಉಯಿಲು, ಸಾಲದ ಪತ್ರ, ಮಾರಾಟದ ಕಾಗದ ನೋಡಬೇಕು. ಡಿಎನ್‌ಎ ಪರೀಕ್ಷೆಯ ದಾರಿಯೂ ಇದೆ. 2024ರಲ್ಲಿ ವಿಜ್ಞಾನಿಗಳು ವೆಸ್ಟ್ ವರ್ಜೀನಿಯಾದ ಸಮಾಧಿಯೊಂದರ ಮೂಳೆಗಳನ್ನು ಈಗ ಬದುಕಿರುವ ವಂಶಸ್ಥರೊಬ್ಬರ ಡಿಎನ್‌ಎ ಜೊತೆ ಹೋಲಿಸಿ, ಅವು ಜಾರ್ಜ್‌ನ ತಮ್ಮ ಸ್ಯಾಮ್ಯುಯೆಲ್‌ನ ಮೊಮ್ಮಕ್ಕಳದ್ದು ಅಂತ ಗುರುತಿಸಿದರು. ಡಿಎನ್‌ಎಗೆ ಅಡ್ಡಹೆಸರಿನ ಹಂಗಿಲ್ಲ. ಒಡೆಯರ ಮನೆಯ ರಕ್ತ ಬೇರೆ ಹೆಸರಿನವರಲ್ಲಿ ಸಿಗಬಹುದು, ವಾಷಿಂಗ್ಟನ್ ಅನ್ನಿಸಿಕೊಂಡವರಲ್ಲಿ ಸಿಗದೇ ಇರಬಹುದು. ಒಂದು ಮಾತು: ಇದನ್ನು ಆ ಮಕ್ಕಳ ಹತ್ತಿರ ನೀವಾಗಿ ಎತ್ತಬೇಡಿ. ಅವರ ಮನೆಯ ವಿಷಯ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಮಗ ಕ್ರಿಕೆಟ್ ನೋಡುವವನಾದರೆ ಮುಂದಿನ ಪ್ರಶ್ನೆ ಏನು ಅಂತ ನನಗೆ ಗೊತ್ತು. ವಾಷಿಂಗ್ಟನ್ ಸುಂದರ್! ಅವರಿಗೂ ಅಮೆರಿಕಕ್ಕೂ ನೇರ ನಂಟಿಲ್ಲ. ಚೆನ್ನೈನಲ್ಲಿ ಅವರ ತಂದೆ ಬಡತನದಲ್ಲಿ ಬೆಳೆದು ಕ್ರಿಕೆಟ್ ಆಡುತ್ತಿದ್ದಾಗ ಮನೆ ಹತ್ತಿರವಿದ್ದ ಒಬ್ಬ ಮಾಜಿ ಸೈನಿಕರು ಯೂನಿಫಾರ್ಮ್ ಕೊಡಿಸಿ, ಫೀಸು ಕಟ್ಟಿ ನೋಡಿಕೊಂಡರು. ಆ ಸೈನಿಕರ ಹೆಸರು ವಾಷಿಂಗ್ಟನ್. ಉಪಕಾರ ಮರೆಯಬಾರದು ಅಂತ ತಂದೆ ಮಗನಿಗೆ ಆ ಹೆಸರಿಟ್ಟರು.

ಒಂದು ಶನಿವಾರ ಬಿಡುವಿದ್ದರೆ ಮಗನನ್ನು ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯ ಪೋಪ್ಸ್ ಕ್ರೀಕಿಗೆ ಕರೆದುಕೊಂಡು ಹೋಗಿ, ನಿಮ್ಮ ರಾಜ್ಯದಲ್ಲೇ ಇದೆ. ಜಾರ್ಜ್ ಹುಟ್ಟಿದ ಜಾಗ ಅಂತ 1931ರಲ್ಲಿ ಅಲ್ಲಿ ಇಟ್ಟಿಗೆಯ ಚೆಂದದ ಮನೆ ಕಟ್ಟಿಸಿ ನಿಲ್ಲಿಸಿದ್ದಾರೆ. ಆಮೇಲೆ ಅಗೆದು ನೋಡಿದರೆ ಹಳೇ ಮನೆಯೊಂದರ ಪಾಯ ಅದರ ಪಕ್ಕದಲ್ಲಿ ಸಿಕ್ಕಿತು. ಕಟ್ಟಿದ್ದನ್ನು ಕೆಡವಲಿಲ್ಲ. ಪಾಯವನ್ನು ಮತ್ತೆ ಮುಚ್ಚಿ, ಅದರ ಗುರುತಿಗೆ ಹುಲ್ಲಿನ ಮೇಲೆ ಸಿಂಪಿಚಿಪ್ಪಿನ ಚೂರು ಸುರಿದು ಗೆರೆ ಎಳೆದಿದ್ದಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ನದಿಯ ಕಡೆಗೆ, ಬ್ರಿಡ್ಜಸ್ ಕ್ರೀಕಿನ ಸಮಾಧಿಗಳಿವೆ. ಹಡಗು ಮುಳುಗಿದ್ದಕ್ಕೆ ಉಳಿದುಕೊಂಡ ಜಾನ್ ಮಲಗಿರುವುದು ಅಲ್ಲಿ.